ಅತ್ತೆಯ ಶೆಡ್ಡಿಗೆ ಒಂದು ತೂತು

ಕುಮಟೆಯ ಹತ್ತಿರದ ಹೊಳನಗದ್ದೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನರು ಇವತ್ತು ಬೆಳಿಗ್ಗೆಯಿಂದ ಬಾಗಿಲ ಚೌಕಟ್ಟುಗಳಿಗೆ ಗೇರೆಣ್ಣೆ ಬಳಿಯುತ್ತಿದ್ದಾರೆ. ಮಳೆ ಇನ್ನೇನು ಬಂತು ಎನ್ನುವಾಗ ನಮ್ಮ ಕರಾವಳಿಯಲ್ಲಿ ಮರದ ಸಾಮಾನು ಇರುವವರೆಲ್ಲ ಮಾಡುವ ಕೆಲಸವೇ ಇದು. ಆ ವಾಸನೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಈ ಕರಿ ಎಣ್ಣೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ, ಬಟ್ಟೆಗೆ ತಾಗಿದರೆ ಬಟ್ಟೆಯ ಆಸೆ ಬಿಡಬೇಕು, ಮೂಗಿಗೆ ಹೊಕ್ಕರೆ ಊಟದ ಹೊತ್ತಿನವರೆಗೂ ಹೊರಗೆ ಬರುವುದಿಲ್ಲ. ಕಿಟಕಿ ಮುಚ್ಚೋಣವೆಂದು ಎದ್ದವಳು ಮುಚ್ಚದೆ ಹಾಗೇ ನಿಂತೆ. ಮಾವಳ್ಳಿಯ ನಮ್ಮ ಮನೆಯ ಹಿತ್ತಲು, ಅಲ್ಲಿನ ಮರದ ಶೆಡ್ಡು, ಅದರ ಒಡತಿ ಮಾದೇವಿ ಅತ್ತೆ, ಮೂರೂ ಒಟ್ಟಿಗೆ ಕೋಣೆಯೊಳಗೆ ಬಂದವು. ಬಂದ ಮೇಲೆ ಕೂರಿಸಿ ಮಾತಾಡಿಸದೆ ಕಳಿಸುವುದು ಹೇಗೆ?

ಅದಕ್ಕೆ ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ಒಪ್ಪುವುದಿಲ್ಲ. ಏನನ್ನು ಎಂದು ಕೇಳಬೇಡಿ. ವಿಷಯ ಕೊಡಿ, ಆಮೇಲೆ ನೋಡೋಣ. ಹೊನ್ನಾವರದ ಕಾಲೇಜಿನ ಚರ್ಚಾಕೂಟದಲ್ಲಿ ಚೀಟಿ ಎತ್ತಿ, ಪರವೋ ವಿರೋಧವೋ ತಿಳಿದುಕೊಂಡು, ವೇದಿಕೆ ಏರುವಷ್ಟರಲ್ಲಿ ಅದನ್ನೇ ಹುಟ್ಟಿನಿಂದ ನಂಬಿಕೊಂಡು ಬಂದವಳ ಹಾಗೆ ಮಾತಾಡುವುದನ್ನು ಕಲಿತೆ. ಕಪ್ಪುಗಳು, ಫಲಕಗಳು ಬಂದವು. ಅವನ್ನು ಇಡಲು ಮನೆಯಲ್ಲಿ ಜಾಗವಿಲ್ಲದೆ ಅಮ್ಮ ಒಂದರಲ್ಲಿ ಚಮಚ, ಇನ್ನೊಂದರಲ್ಲಿ ಒಣಮೆಣಸು ಹಾಕಿಟ್ಟಳು. ಚಟ ಮಾತ್ರ ಬಸ್ಸು ಹತ್ತಿ ನನ್ನ ಜೊತೆ ಮನೆಗೂ ಬಂತು. ಅಮ್ಮ "ಇವತ್ತು ಸಾರಿಗೆ ಉಪ್ಪು ಕಮ್ಮಿ ಆತು" ಎಂದರೆ ನಾನು "ಯಾವುದಕ್ಕೆ ಹೋಲಿಸಿ ಕಮ್ಮಿ?" ಎನ್ನುವುದು. ಅಮ್ಮ ಉಪ್ಪಿನ ಭರಣಿ ತಂದು ನನ್ನ ಮುಂದೆ ಕುಕ್ಕಿ "ಹೋಲಿಸ್ಕೊ" ಎನ್ನುವುದು. ದೇವರು, ದೃಷ್ಟಿ, ಬೆಕ್ಕು ಅಡ್ಡ ಬರುವುದು, ಬಂಗಡೆ ತಿಂದ ಮೇಲೆ ಮೊಸರು ತಿನ್ನಬಾರದೆನ್ನುವುದು, ಇವೆಲ್ಲಕ್ಕೂ ನಾನು ಪುರಾವೆ ಕೇಳುತ್ತಿದ್ದೆ. ಮನೆಯವರು ನನ್ನನ್ನು "ವಕೀಲಮ್ಮ" ಎಂದು ಕರೆಯತೊಡಗಿದ್ದು ನಾನು ಕಾನೂನು ಓದುವುದಕ್ಕಿಂತ ಬಹಳ ಮೊದಲು. ಈಗ ಕುಮಟೆಯಲ್ಲಿ ಒಬ್ಬ ವಕೀಲರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ. ಬಾಯಿಗೆ ಅನ್ನ ಸಿಕ್ಕಿತಲ್ಲ ಎಂದು ಮನೆಯವರಿಗೆ ಸಮಾಧಾನ, ಆ ಬಾಯಿ ಈಗ ಕುಮಟೆಯ ಕಡೆಗೇ ಇರುತ್ತದಲ್ಲ ಎಂದು ಇನ್ನೂ ಹೆಚ್ಚಿನ ಸಮಾಧಾನ.

ಮಾದೇವಿ ಅತ್ತೆ ಅಪ್ಪನ ಅಕ್ಕ, ದೊಡ್ಡಪ್ಪನ ತಂಗಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ "ಪುರುಸೊತ್ತು ಆಗ್ಲಿಲ್ಲ" ಎನ್ನುತ್ತಾಳೆ. ಅಪ್ಪ, ದೊಡ್ಡಪ್ಪ ದೋಣಿಯವರು. ಅವರು ತಂದ ಮೀನನ್ನು ಬುಟ್ಟಿಯಲ್ಲಿಟ್ಟುಕೊಂಡು ಮುರ್ಡೇಶ್ವರದ ಪೇಟೆಯಲ್ಲಿ, ಮನೆಮನೆಯ ಅಂಗಳದಲ್ಲಿ ಮಾರುವವಳು ಅವಳು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರಿಗಿಂತ ಗಟ್ಟಿಯಾಗಿ ಬೈಯುವವಳು. ಆದರೆ ಎರಡು ಸಂಸಾರಗಳ ಆ ಮನೆಯಲ್ಲಿ ಅವಳಿಗೆಂದು ಇದ್ದದ್ದು ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಚಾಪೆಯಗಲ ಜಾಗ. ಬಚ್ಚಲಿಗೆ ಹೋಗುವವರೆಲ್ಲ ಅವಳನ್ನು ದಾಟಿಕೊಂಡೇ ಹೋಗಬೇಕು. ನಾವು ಮಕ್ಕಳು ಅತ್ತೆಯ ಕಾಲು ದಾಟಿ ದಾಟಿಯೇ ಎತ್ತರ ಜಿಗಿತದಲ್ಲಿ ಪಳಗಿದೆವು. ಅವಳು ಮಧ್ಯಾಹ್ನ ಪೇಟೆಯಿಂದ ಬಂದು ಒಂದು ಗಳಿಗೆ ಅಡ್ಡಾದರೆ ಒಬ್ಬರಿಗೆ ಚೊಂಬು ಬೇಕು, ಇನ್ನೊಬ್ಬರಿಗೆ ಟವೆಲ್ಲು ಬೇಕು, ಮತ್ತೊಬ್ಬರಿಗೆ ಸುಮ್ಮನೆ ಅತ್ತೆ ಬೇಕು. ಹೆದ್ದಾರಿ ಅಗಲ ಮಾಡುವವರು ಆಗ ನಮ್ಮೂರಿನ ಅಂಚಿನವರೆಗೆ ಬಂದಿದ್ದರು. "ಅವ್ರಿಗೆ ಹೇಳಿ ನಮ್ಮನೆ ಒಳಗಿಂದೂ ಅಗಲ ಮಾಡ್ಸಿ, ನನ್ನ ಮೇಲೆ ಲಾರಿ ಹೋಗೂದೊಂದು ಬಾಕಿ" ಎಂದು ಅತ್ತೆ ಹೇಳುತ್ತಿದ್ದಳು. ನಾವು ನಗುತ್ತಿದ್ದೆವು. ಅದು ಅರ್ಜಿ ಎಂದು ನಮಗೆ ಹೊಳೆದಿರಲಿಲ್ಲ.

ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳು ಸಾರು ಬಡಿಸುತ್ತ ಬಡಿಸುತ್ತಲೇ ಹೇಳಿದಳು: "ಹಿತ್ಲಲ್ಲಿ ನಂಗೊಂದು ಕೋಣೆ ಬೇಕು. ಚಿಲಕ ಒಳಗಿಂದ ಹಾಕ್ಕೊಳ್ಳೂಕೆ ಬರ್ಬೇಕು. ಹೊರಗಿದ್ದವ್ರು ಬಾಗ್ಲು ಬಡೀಬೇಕು, ನಾನು ತೆಗೆದ್ರೆ ಒಳಗೆ ಬರ್ಬೇಕು. ಅಷ್ಟೇ."

ದೊಡ್ಡಪ್ಪನ ಕೈಯಲ್ಲಿದ್ದ ಅನ್ನ ಕೈಯಲ್ಲೇ ಉಳಿಯಿತು. ದೊಡ್ಡಪ್ಪ ಕೆಟ್ಟವರಲ್ಲ, ಇದನ್ನು ನೀವು ನಂಬಬೇಕು. ಆದರೆ ಅವರಿಗೆ ಗೋಡೆ ಎಂದರೆ ಹೆದರಿಕೆ. ನಮ್ಮ ಕಡೆ ಪಾಲಾಗದ ಹಿತ್ತಲಲ್ಲಿ ಚಿರೆಕಲ್ಲು ಎರಡು ಸಾಲು ಏರಿದರೆ ಸಾಕು, ದಾರಿಯಲ್ಲಿ ಹೋಗುವವರು ನಿಂತು "ಓ, ಬೇರೆ ಆದ್ರಾ?" ಎಂದು ಕೇಳುತ್ತಾರೆ. ಕಲ್ಲು ಎದ್ದಿತೆಂದರೆ ಪಾಲು ಎದ್ದಿತು. "ಕೋಣೆ ಅಂದ್ರೆ ಪಾಲು ಕೇಳ್ದ ಹಂಗಾತದೆ ಮಾದೇವಿ," ಎಂದರು ದೊಡ್ಡಪ್ಪ.

ನನಗೆ ಚೀಟಿ ಎತ್ತದೆಯೇ ವಿಷಯ ಸಿಕ್ಕಿತ್ತು. ಕೈ ತೊಳೆಯದೆ ಎದ್ದು ನಿಂತು, ಮಗಳಿಗೂ ಮಗನಷ್ಟೇ ಪಾಲು ಎನ್ನುವಲ್ಲಿಂದ ಹಿಡಿದು, ಮನುಷ್ಯ ಮಾತ್ರದವರಿಗೆ ಬಾಗಿಲು ಯಾಕೆ ಬೇಕು ಎನ್ನುವಲ್ಲಿಯವರೆಗೆ ಒಂದೇ ಉಸಿರಿಗೆ ಮಾತಾಡಿದೆ. ಸಭೆಯಲ್ಲಾಗಿದ್ದರೆ ಚಪ್ಪಾಳೆ ಬರುತ್ತಿತ್ತು. ಇಲ್ಲಿ ಅತ್ತೆಯ ಸೌಟು ನನ್ನ ತಟ್ಟೆಯ ಮೇಲೆ ಬಂತು. "ಕೂತ್ಕೊ ತಂಗಿ. ಪಾಲು ಯಾರಿಗೆ ಬೇಕು? ನಂಗೆ ಬಾಗ್ಲು ಬೇಕು."

ಕೊನೆಗೆ ದಾರಿ ತೋರಿಸಿದವಳು ಅಮ್ಮ. ಮರದ್ದು ಕಟ್ಟಿದರೆ? ಮರದ್ದು ಎಂದರೆ ಸೌದೆ ಇಡುವ ಗೂಡು, ಬಲೆ ಇಡುವ ಚಪ್ಪರ. ಅದನ್ನು ನೋಡಿ ಊರಲ್ಲಿ ಯಾರೂ ಬೇರೆಯಾದಿರಾ ಎಂದು ಕೇಳುವುದಿಲ್ಲ. ದೊಡ್ಡಪ್ಪ ಬಹಳ ಹೊತ್ತು ಅನ್ನ ಕಲಸಿ "ಮರದ್ದಾದ್ರೆ ಅಡ್ಡಿಲ್ಲ" ಎಂದರು. ಆದರೆ ಒಂದು ಕರಾರು. ಅದನ್ನು ಕೋಣೆ ಎನ್ನಬಾರದು, ಶೆಡ್ಡು ಎನ್ನಬೇಕು. ಅದು ನಿಂತಷ್ಟು ದಿನ ಅತ್ತೆಯದು. ಬಿದ್ದ ದಿನ ಮತ್ತೆ ಕಟ್ಟುವ ಹಾಗಿಲ್ಲ, ಆ ಜಾಗದಲ್ಲಿ ಅವರು ದೋಣಿಯ ಇಂಜಿನ್ನು ಇಡುತ್ತಾರೆ. ಅತ್ತೆ ಮತ್ತೆ ಬಚ್ಚಲ ದಾರಿಗೆ.

"ಆತು," ಎಂದಳು ಅತ್ತೆ.

ಈಗ ನೋಡಿ, ಮರದ ಶೆಡ್ಡು ಬೇಕೆನ್ನುವವರಿಗೆ ಲೋಕದಲ್ಲಿ ಉಪದೇಶಕ್ಕೆ ಬರವಿಲ್ಲ. ಗಾಳಿಮರ ಹಾಕು ಎಂದರು ಒಬ್ಬರು. ಗಾಳಿಮರ ಹಾಕಿದರೆ ಮೂರು ಮಳೆಗಾಲಕ್ಕೆ ಮಣ್ಣು ಎಂದರು ಮತ್ತೊಬ್ಬರು. ನಾನು ಇಬ್ಬರಿಗೂ ಆಧಾರ ಕೇಳಿದೆ, ಇಬ್ಬರೂ ಮುಖ ತಿರುಗಿಸಿದರು. ಕಡೆಗೆ ಅತ್ತೆ, ನಾನು ಮತ್ತು ಮಂಜಾಚಾರಿ ಭಟ್ಕಳದ ಒಂದು ಸಾಮಿಲ್ಲಿಗೆ ಹೋದೆವು. ಮಂಜಾಚಾರಿ ನಮ್ಮ ಕಡೆಯ ಎಲ್ಲ ಮರದ ದೋಣಿಗಳನ್ನು ಕಟ್ಟಿದವರು. ಕಟ್ಟಿದವರು ಎಂದು ಅವರೇ ಹೇಳುತ್ತಿದ್ದರು. ಅವರ ದೋಣಿಯೊಳಗೆ ಸಮುದ್ರ ಇಣುಕಿ ನೋಡಲೂ ಹೆದರುತ್ತಿತ್ತಂತೆ. ಈಗ ಎಲ್ಲರೂ ಫೈಬರ್ ದೋಣಿಗೆ ಹೋಗಿ ಅವರ ಉಳಿಗೆ ಕೆಲಸವಿಲ್ಲದೆ, ಮಾತಿಗೆ ಹೆಚ್ಚು ಕೆಲಸವಾಗಿತ್ತು.

ಸಾಮಿಲ್ಲಿನ ಸಾಹೇಬರು ಆಳುಗಳಿಗೆ ತಮ್ಮ ನವಾಯತಿ ಮಾತಿನಲ್ಲಿ ಏನೋ ಕೂಗಿ, ನಮ್ಮ ಕಡೆ ತಿರುಗಿ ಕನ್ನಡಕ್ಕೆ ಬಂದರು. "ಸಾಗವಾನಿ ತಕ್ಕೊಳ್ಳಿ ಅಮ್ಮ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದೆ."

"ನಂಗೆ ಮಕ್ಕಳೇ ಇಲ್ಲ," ಎಂದಳು ಅತ್ತೆ. "ನನ್ನ ಕಾಲಕ್ಕೆ ಬರೂದು ತೋರ್ಸಿ."

ಸಾಹೇಬರು ನಕ್ಕು ಹಲಸಿನ ಹಲಗೆ ತೋರಿಸಿದರು. ಅತ್ತೆ ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಹಲಗೆಯ ಅಂಚು ಎತ್ತಿ, ಮೂಸಿ, ಉಗುರಿನಿಂದ ಒತ್ತಿ ನೋಡಿದಳು. ಇನ್ನೇನು ಒಪ್ಪಿಗೆಯಾಗಬೇಕು, ಅಷ್ಟರಲ್ಲಿ ಮಂಜಾಚಾರಿ ಗಂಟಲು ಸರಿಮಾಡಿಕೊಂಡು ಕೇಳಿದರು: "ಈ ಮರ ಕಡ್ದದ್ದು ಅಮಾಸೆ ಕಡೆಗೋ, ಹುಣ್ಣಿಮೆ ಕಡೆಗೋ?"

"ನಾನೆಂತ ಚಂದ್ರನ್ನ ನೋಡ್ಕಂಡು ಯಾಪಾರ ಮಾಡ್ತ್ನ ಆಚಾರ್ರೆ?"

"ಹುಣ್ಣಿಮೆ ಕಡೆ ಕಡ್ದ ಮರಕ್ಕೆ ಹುಳ ಬೀಳ್ತದೆ. ಅಮಾಸೆ ಕಡೆದೇ ಆಗ್ಬೇಕು."

ನಾನು ಸುಮ್ಮನಿರುವುದು ಹೇಗೆ? ಹುಳಕ್ಕೆ ಪಂಚಾಂಗ ಗೊತ್ತಿದೆಯೇ, ಗೊತ್ತಿದ್ದರೆ ಯಾವ ಮಠದ್ದು, ಇದೇ ಊರಿನಲ್ಲಿ ಹುಣ್ಣಿಮೆಗೆ ಕಡಿದ ಮರದ ಬಾಗಿಲುಗಳನ್ನು ಯಾರಾದರೂ ಲೆಕ್ಕ ಹಾಕಿದ್ದಾರೆಯೇ ಎಂದು ಶುರು ಮಾಡಿದೆ. ಆಳುಗಳು ಗರಗಸ ನಿಲ್ಲಿಸಿ ಕೇಳಿದರು. ನನಗೆ ಹುರುಪು ಬಂತು. ಪರೀಕ್ಷೆಯೇ ಮಾಡೋಣ, ಎರಡು ಗೋಡೆ ಅಮಾವಾಸ್ಯೆಯ ಮರದ್ದು, ಎರಡು ಗೋಡೆ ಹುಣ್ಣಿಮೆಯ ಮರದ್ದು ಕಟ್ಟೋಣ, ಕೆಲವು ವರ್ಷ ಬಿಟ್ಟು ನೋಡೋಣ ಎಂದು ಸವಾಲು ಹಾಕಿದೆ. ಸಾಹೇಬರು "ಹುಡುಗಿ ಹೇಳೂದು ಬರೋಬ್ಬರಿ" ಎಂದು ತಲೆದೂಗಿದರು. ಎರಡು ತರಹದ ಮರ ಮಾರಿಹೋಗುತ್ತದಲ್ಲ!

ಅತ್ತೆ ಹಲಗೆಯನ್ನು ಕೆಳಗಿಟ್ಟಳು. "ಹುಣ್ಣಿಮೆ ಗೋಡೆ ಬಿದ್ರೆ ನೀನು ಸೋತೆ. ನಿಂತ್ರೆ ನೀನು ಗೆದ್ದೆ. ಎರಡ್ರಲ್ಲೂ ನಾನು ಎಲ್ಲಿ ಮಲಗೂದು ಅಂತ ಹೇಳು."

ಪರೀಕ್ಷೆ ಅಲ್ಲಿಗೇ ಮುಗಿಯಿತು. ಮರಳಿ ಬರುವ ಬಸ್ಸಿನಲ್ಲಿ ಮಂಜಾಚಾರಿಗೆ ನೆನಪಾಯಿತು: ಹೊನ್ನಾವರದ ಕಾಸರಕೋಡಿನಲ್ಲಿ ಅವರ ಕೈಯಿಂದಲೇ ಆದ ಒಂದು ಹಳೆಯ ದೋಣಿಯನ್ನು ಒಡೆಯುತ್ತಿದ್ದಾರೆ. ಹಲಗೆ ಹೆಬ್ಬಲಸಿನದು. ಇಷ್ಟು ವರ್ಷ ಉಪ್ಪುನೀರು ಕುಡಿದದ್ದು. ಅದನ್ನು ತಿನ್ನಲು ಬರುವ ಹುಳದ ಬಾಯಿಯೇ ಸುಟ್ಟುಹೋಗಬೇಕು. ಯಾವ ಪಕ್ಷದಲ್ಲಿ ಕಡಿದ ಮರವೋ ಎಂದು ನಾನು ಕೇಳಿದೆ. "ಸಮುದ್ರಕ್ಕೆ ಇಳ್ದ ಮೇಲೆ ಎಲ್ಲ ಪಕ್ಷವೂ ಒಂದೇ" ಎಂದರು. ಇದು ಉತ್ತರವಲ್ಲ, ನುಣುಚಿಕೊಳ್ಳುವುದು. ಆದರೆ ನುಣುಚಿಕೊಳ್ಳುವುದರಲ್ಲಿ ಅವರ ಕೈ ಎಷ್ಟು ಪಳಗಿದೆಯೆಂದು ನೋಡಿ ನನಗೆ ಗೌರವವೇ ಬಂತು.

ಹಲಗೆ ಬಂತು, ಕೆಲಸ ಶುರುವಾಯಿತು. ಚಿರೆಕಲ್ಲಿನ ತುಂಡುಗಳ ಮೇಲೆ ನೆಲದಿಂದ ಮೊಳದೆತ್ತರಕ್ಕೆ ಅಡಿಮರ ಕೂರಿಸಿದರು, ಒರಲೆ, ಅಂದರೆ ಗೆದ್ದಲು, ಹತ್ತಬಾರದೆಂದು. ಒಳ್ಳೆಯದೇ. ಅದರ ಮೇಲೆ ಹಲಗೆಯ ನೆಲ. ಅದೂ ಒಳ್ಳೆಯದೇ. ಗೋಡೆಗಳು ಹೊಟ್ಟೆ ಸ್ವಲ್ಪ ಮುಂದೆ ಬಂದ ಹಾಗೆ ಬಾಗಿಕೊಂಡು ಎದ್ದವು. ಹಲಗೆಯೇ ಬಾಗಿದೆ, ಏನು ಮಾಡುವುದು? ಆಮೇಲೆ ಮಂಜಾಚಾರಿ ಕೂತು ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿಯ ಬತ್ತಿ ಹೊಸೆದು, ಉಳಿಯಿಂದ ಬಡಿದು ಬಡಿದು ತುರುಕಿ, ಮೇಲೆ ರಾಳ ಕಾಯಿಸಿ ಬಳಿಯತೊಡಗಿದರು. ಗೋಡೆಗೆ ಮಾತ್ರವಲ್ಲ, ನೆಲಕ್ಕೂ. ಹೊಸ್ತಿಲನ್ನು ಮೊಣಕಾಲೆತ್ತರಕ್ಕೆ ಇಟ್ಟರು. ಅಪ್ಪ, ದೊಡ್ಡಪ್ಪ, ಅಕ್ಕಪಕ್ಕದ ದೋಣಿಯವರು ದಿನಾ ಬಂದು ಸಂದಿಯ ಮೇಲೆ ಬೆರಳಾಡಿಸಿ "ಕೆಲ್ಸ ಅಂದ್ರೆ ಇದು" ಎಂದು ಹೇಳಿ ಹೋದರು. ಮಂಜಾಚಾರಿ ನನ್ನ ಕಡೆ ನೋಡಿ "ಒಂದು ಹನಿ ದಾಟಿದ್ರೆ ನನ್ನ ಹೆಸ್ರು ತೆಗೀ ವಕೀಲಮ್ಮ" ಎಂದರು.

ನಾನು ಆ ದಿನಗಳಲ್ಲಿ ಏನು ಮಾಡುತ್ತಿದ್ದೆ ಗೊತ್ತೇ? ಬಾಗಿಲು ಯಾವ ದಿಕ್ಕಿಗಿರಬೇಕು ಎನ್ನುವ ವಾಸ್ತುವಿನ ವಿರುದ್ಧ ಹೋರಾಡುತ್ತಿದ್ದೆ. ಗೆದ್ದೆ ಕೂಡ. ಶೆಡ್ಡಿಗೆ ತೆಂಗಿನಕಾಯಿ ಒಡೆಯುವುದು ಯಾಕೆ ಎಂದು ಕೇಳಿದೆ. ಕಾಯಿ ಒಡೆದರು, ಸಮುದ್ರದ ಕಡೆಗಿದ್ದ ಮೂಲೆಗೆ ಕುಂಕುಮ ಹಚ್ಚಿದರು. ದೋಣಿಯ ಮೂತಿಗೆ ಹಚ್ಚುವ ಹಾಗೆ. ನಾನು ವಿರೋಧಿಸಿ ಕಾಯಿಯ ಹೋಳು ತಿಂದೆ. ಬೇಡದ್ದನ್ನೆಲ್ಲ ಕೇಳಿದ ಈ ಬಾಯಿ, ಕೇಳಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೂ ಯಾರಿಗೆ ಕೇಳುತ್ತಿದ್ದೆ? ಆ ಹಿತ್ತಲಲ್ಲಿ ಇದ್ದವರೆಲ್ಲ ದೋಣಿಯವರೇ.

ಕೆಲಸ ಮುಗಿದ ದಿನ ಅತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹಾಕಿದ ಸದ್ದು ಅಡುಗೆಮನೆಯವರೆಗೆ ಕೇಳಿಸಿತು. ದೊಡ್ಡಮ್ಮ ಮೆಲ್ಲಗೆ ಕೇಳಿದರು: "ಒಳಗೆ ಎಂತ ಮಾಡ್ತಾಳೆ ಅದು?"

ಇದು ಮುಂದೆ ನಮ್ಮ ಮನೆಯ ಬಹುದೊಡ್ಡ ಪ್ರಶ್ನೆಯಾಯಿತು. ಮಲಗುತ್ತಾಳೆ ಎಂದರೆ ಗೊರಕೆ ಕೇಳುವುದಿಲ್ಲ. ಎಲೆಯಡಿಕೆಯ ಕವಳ ಹಾಕುತ್ತಾಳೆ ಎಂದರೆ ಅದನ್ನು ಜಗಲಿಯಲ್ಲೇ ಹಾಕುತ್ತಿದ್ದಳಲ್ಲ. ಫೋನಿನಲ್ಲಿ ಮಾತಾಡುತ್ತಾಳೆಯೇ? ಫೋನು ಅಡುಗೆಮನೆಯ ಕಪಾಟಿನ ಮೇಲಿದೆ. ಕೇಳಿದರೆ "ಎಂತ ಇಲ್ಲ" ಎನ್ನುತ್ತಿದ್ದಳು. ಬಾಗಿಲು ಹಾಕಿಕೊಂಡು ಏನೂ ಮಾಡದೆ ಇರುವುದು ಸಾಧ್ಯ ಎಂದು ನಮ್ಮ ಮನೆಯಲ್ಲಿ ಯಾರೂ ನಂಬಲು ತಯಾರಿರಲಿಲ್ಲ.

ಮಳೆ ಹಿಡಿಯಿತು. ಮಾಡಿನ ಹಂಚು ಹೊದೆಸಿದ್ದು ಅಪ್ಪ ಮತ್ತು ನಾನು. ಹಂಚಿನ ಮೇಲೆ ಹಂಚು ಎಷ್ಟು ಬರಬೇಕು ಎಂಬ ಬಗ್ಗೆ ನಾವಿಬ್ಬರೂ ಒಂದು ಮಧ್ಯಾಹ್ನವಿಡೀ ವಾದಿಸಿ, ನಡುವೆ ಎಲ್ಲೋ ರಾಜಿಯಾಗಿದ್ದೆವು. ಮಳೆ ರಾಜಿಯನ್ನು ಒಪ್ಪಲಿಲ್ಲ. ಗಾಳಿಗೆ ನಾಲ್ಕಾರು ಹಂಚು ಜಾರಿದವು. ಬೆಳಗಿನಿಂದ ಸುರಿದ ಮಳೆಯಲ್ಲಿ ಅತ್ತೆ ಬುಟ್ಟಿ ಹೊತ್ತು ಪೇಟೆಗೆ ಹೋಗಿದ್ದಳು. ಮಧ್ಯಾಹ್ನ ಮನೆಗೆ ಬಂದು, ಸೀದಾ ಹಿತ್ತಲಿಗೆ ಹೋಗಿ ಬಾಗಿಲು ದೂಡಿದವಳು "ಅಯ್ಯಯ್ಯೋ" ಎಂದು ಕೂಗಿದ್ದು ಕೇಳಿ ಎಲ್ಲರೂ ಓಡಿದೆವು.

ಶೆಡ್ಡು ತುಂಬಿತ್ತು. ಹೊಸ್ತಿಲಿನ ಅಂಚಿನವರೆಗೆ ನೀರು ಕೆರೆಯ ಹಾಗೆ ನಿಂತಿತ್ತು. ಅತ್ತೆಯ ಚಾಪೆ ತೇಲುತ್ತಿತ್ತು. ತಗಡಿನ ಪೆಟ್ಟಿಗೆ ತೇಲುತ್ತಿತ್ತು. ಅವಳ ಒಂದು ಚಪ್ಪಲಿ ನಿಧಾನವಾಗಿ ಬಾಗಿಲ ಕಡೆಗೆ ಬಂದು, ಹೊಸ್ತಿಲಿಗೆ ಮೂತಿ ತಾಗಿಸಿ, ಹಿಂದಕ್ಕೆ ಹೋಯಿತು. ದೋಣಿಯೆಂದರೆ ಹೊರಗಿನ ನೀರನ್ನು ಒಳಗೆ ಬಿಡದ ವಸ್ತು. ಅದೇ ದೋಣಿಯನ್ನು ದಡದಲ್ಲಿ ನಿಲ್ಲಿಸಿ ಮೇಲೊಂದು ಸೋರುವ ಮಾಡು ಹಾಕಿದರೆ ಅದು ಒಳಗಿನ ನೀರನ್ನು ಹೊರಗೆ ಬಿಡದ ವಸ್ತು. ಇಷ್ಟು ಸರಳವಾದ ಮಾತು ಇಡೀ ಮಾವಳ್ಳಿಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಮಂಜಾಚಾರಿಗೆ ಹೇಳಿಕಳಿಸಿದೆವು. ಕೊಡೆ ಹಿಡಿದು ಬಂದರು. ಒಳಗೆ ಇಣುಕಿದರು. ಶೆಡ್ಡಿಗೊಂದು ಸುತ್ತು ಬಂದು, ಬಗ್ಗಿ ಅಡಿಯ ಹಲಗೆ ಮುಟ್ಟಿ ನೋಡಿದರು. ಎದ್ದು ನಿಂತಾಗ ಅವರ ಮುಖ ಬೆಳಗುತ್ತಿತ್ತು. "ನೋಡ್ರಿ! ಒಂದು ಹನಿ ಹೊರಗೆ ಬಂದದ್ಯಾ?"

ದೊಡ್ಡಪ್ಪನಿಗೆ ಇದೇ ಹೊತ್ತು ಬೇಕಾಗಿತ್ತು. "ಆತಲ್ಲ. ಮುಳುಗ್ತು. ಕರಾರು ಮುಗೀತು. ಮಾದೇವಿ, ಸಾಮಾನು ಒಳಗೆ ತಕಂಡು ಹೋಗು."

"ದೊಡ್ಡಪ್ಪ, ಕರಾರು ಬಿದ್ರೆ ಅಂತ," ಎಂದೆ ನಾನು. "ತುಂಬಿದ್ರೆ ಅಂತ ಅಲ್ಲ. ಇದು ನಿಂತದೆ. ನೀರು ತುಂಬ್ಕಂಡು ನಿಂತದೆ, ಅಷ್ಟೇ."

"ದೋಣಿ ತುಂಬ್ತು ಅಂದ್ರೆ ಹೋತು ಅಂತ್ಲೇ ಲೆಕ್ಕ."

"ಇದು ದೋಣಿ ಅಂತ ಯಾರು ಹೇಳಿದ್ರು? ನೀವೇ ಅಲ್ದಾ ಶೆಡ್ಡು ಅನ್ಬೇಕು ಅಂದದ್ದು?"

ವಾದ ರಂಗೇರುತ್ತಿತ್ತು. ಆದರೆ ಆ ಹೊತ್ತಿಗೆ ಅತ್ತೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಒಂದು ಚೊಂಬಿನಿಂದ ನೀರು ಮೊಗೆದು ಹೊರಗೆ ಚೆಲ್ಲತೊಡಗಿದ್ದಳು. ಆಮೇಲೆ ನಡೆದದ್ದನ್ನು ನಾನು ಇಂದಿಗೂ ಮರೆತಿಲ್ಲ. ದೊಡ್ಡಪ್ಪ ಮಾತಾಡುತ್ತ ಮಾತಾಡುತ್ತಲೇ ಲುಂಗಿ ಮೇಲೆ ಕಟ್ಟಿದರು. ಜೀವಮಾನವಿಡೀ ಸಮುದ್ರದಲ್ಲಿ ಕಳೆದವರು. ಹಲಗೆಗಳ ನಡುವೆ ನೀರು ನಿಂತದ್ದನ್ನು ಕಣ್ಣಾರೆ ಕಂಡು ಕೈಕಟ್ಟಿ ನಿಲ್ಲುವುದು ಅವರ ಮೈಗೆ ಗೊತ್ತಿಲ್ಲ. ಕಾಲು ಒಳಗೆ ಇಟ್ಟೇಬಿಟ್ಟರು. "ಬಕೆಟ್ ಕೊಡ್ರೋ!" ಎಂದು ಗರ್ಜಿಸಿದರು. ಅಪ್ಪನೂ ಹಾರಿದ. ಮಂಜಾಚಾರಿಯೂ ಕೊಡೆ ಬಿಸಾಕಿ ಹಾರಿದರು. ಮಾವಳ್ಳಿಯ ಗಟ್ಟಿನೆಲದ ಮೇಲೆ ನಾಲ್ಕು ಜನ ಪ್ರಾಣ ಉಳಿಸಿಕೊಳ್ಳುವವರ ಹಾಗೆ ನೀರು ಮೊಗೆದರು. ದೊಡ್ಡಪ್ಪ ಮೊಗೆಯುತ್ತಲೇ ಕೂಗುತ್ತಿದ್ದರು: "ಇದು ಮುಗೀತು ಅಂದೆ ನಾನು... ಆ ಮೂಲೆ, ಆ ಮೂಲೆ ನೋಡ್ರೋ... ಇನ್ನು ಇಂಜಿನ್ ಇಡೂದೇ... ಕೈ ಬಿಡ್ಬೇಡಿ!" ಅವರ ಬಾಯಿ ಶೆಡ್ಡನ್ನು ಕೆಡವುತ್ತಿತ್ತು, ಕೈ ಉಳಿಸುತ್ತಿತ್ತು. ಎದುರಾಳಿಯೇ ನನ್ನ ಪಕ್ಷಕ್ಕಾಗಿ ಅಷ್ಟು ಬೆವರು ಸುರಿಸಿದ್ದನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ.

ನೀರು ಖಾಲಿಯಾಯಿತು. ಹಂಚು ಸರಿಮಾಡಬಹುದು, ಆದರೆ ಮತ್ತೆ ಜಾರಿದರೆ? ಪರಿಹಾರ ಯಾರಿಗಾದರೂ ಗೊತ್ತಾಗುವಂಥದು: ನೆಲದ ಹಲಗೆಗೆ ಒಂದು ತೂತು. ಮಂಜಾಚಾರಿಗೆ ಹೇಳಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಅಡಿಗೆ ತೂತು ಹೊಡಿಯೂದಾ? ನನ್ನ ಕೈಯಿಂದ ಆಗೂದಿಲ್ಲ."

"ಇದು ಶೆಡ್ಡು ಆಚಾರ್ರೆ."

"ನಿಂಗೆ ಶೆಡ್ಡು."

ಅಪ್ಪನ ಕಡೆ ನೋಡಿದೆ. ಅಪ್ಪ ಆಕಾಶ ನೋಡಿದ. ದೊಡ್ಡಪ್ಪ, ಶೆಡ್ಡು ಬೀಳಲಿ ಎನ್ನುವ ದೊಡ್ಡಪ್ಪ ಕೂಡ "ಅದೊಂದು ಬೇಡ ತಂಗಿ, ಮನೆಯವ್ರು ಸಮುದ್ರಕ್ಕೆ ಹೋಗೂ ಜನ" ಎಂದು ನನಗೆ ಮೆಲ್ಲಗೆ ಹೇಳಿದರು. ನನಗೆ ನಗು ಬಂತು. ಇಂಥ ಅವಕಾಶಕ್ಕಾಗಿಯೇ ಅಲ್ಲವೇ ನಾನು ಹುಟ್ಟಿದ್ದು? ಮರಕ್ಕೂ ಸಮುದ್ರಕ್ಕೂ ಏನು ಸಂಬಂಧ, ಹಿತ್ತಲಿನ ತೂತು ಅಳಿವೆಯಾಚೆಗಿನ ದೋಣಿಗೆ ಹೇಗೆ ಗೊತ್ತಾಗುತ್ತದೆ ಎಂದೆಲ್ಲ ಕೇಳಿ, ಮಂಜಾಚಾರಿಯ ಚೀಲದಿಂದ ಬೈರಿಗೆ ಎತ್ತಿಕೊಂಡು ಒಳಗೆ ಹೋದೆ. ಮೂಲೆಯಲ್ಲಿ ಕೂತು ಬೈರಿಗೆಯ ಮೊನೆಯನ್ನು ಹಲಗೆಯ ಮೇಲೆ ಇಟ್ಟೆ.

ಕೈ ತಿರುಗಲಿಲ್ಲ.

ಸುಳ್ಳು ಹೇಳುವುದಿಲ್ಲ. ನನಗೆ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ನನ್ನ ಮುಂಗೈಗೆ ನನ್ನ ಭಾಷಣ ಕೇಳಿಸಿರಲಿಲ್ಲ ಎಂದು ಕಾಣುತ್ತದೆ. ಅಪ್ಪನ ದೋಣಿಯೊಳಗೆ ಚಿಕ್ಕಂದಿನಲ್ಲಿ ಮೊಳೆ ಹಿಡಿದು ಆಡಿದ್ದಕ್ಕೆ ಬೆನ್ನ ಮೇಲೆ ಬಿದ್ದ ಏಟುಗಳೆಲ್ಲ ಆ ಕೈಗೆ ನೆನಪಿದ್ದವು. ಹೊರಗೆ ಮೂವರು ಗಂಡಸರು ಉಸಿರು ಬಿಗಿಹಿಡಿದು ನಿಂತಿದ್ದರು. ನಾನು "ಬೈರಿಗೆ ಮೊಂಡಾಗಿದೆ" ಎಂದೆ. ಪ್ರತಿವಾದಿ ಇಲ್ಲದ ಸಭೆಯಲ್ಲಿ ನಾನು ಆಡಿದ ಅತ್ಯಂತ ದುರ್ಬಲ ವಾದ ಅದು.

ಅತ್ತೆ ನನ್ನನ್ನು ಸೊಂಟದಿಂದ ಆಚೆ ನೂಕಿ ಕೂತಳು. ಬೈರಿಗೆ ತೆಗೆದುಕೊಂಡು ಎರಡೂ ಕೈಯಿಂದ ಒತ್ತಿ ತಿರುವಿದಳು. ಹೆಬ್ಬಲಸಿನ ಪುಡಿ ಸುರುಳಿ ಸುರುಳಿಯಾಗಿ ಮೇಲೆ ಬಂತು. ದೊಡ್ಡಪ್ಪ ಕಣ್ಣು ಮುಚ್ಚಿದ್ದರು. ಮಂಜಾಚಾರಿ ಬೆನ್ನು ತಿರುಗಿಸಿ ನಿಂತಿದ್ದರು. ಕೆಳಗಿಂದ ಬೆಳಕಿನ ಚುಕ್ಕೆ ಕಂಡಾಗ ಅತ್ತೆ ಎದ್ದು, ಮೈಮೇಲಿನ ಪುಡಿ ಕೊಡವಿ, ಹೊರಗಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ದೋಣಿ ಆಗಿದ್ರೆ ಈಗ ಮುಳುಗ್ತಿತ್ತು. ಮುಳುಗ್ಲಿಲ್ಲ. ಹಂಗಾರೆ ಇದು ದೋಣಿ ಅಲ್ಲ. ನನ್ನ ಕೋಣೆ."

ಶೆಡ್ಡು ಅನ್ನಬೇಕೆಂಬ ಕರಾರನ್ನು ದೊಡ್ಡಪ್ಪ ನೆನಪಿಸಲಿಲ್ಲ.

ಆಮೇಲಿನ ವರ್ಷಗಳದು ನಿರ್ವಹಣೆಯ ಕತೆ. ಮರದ ಮನೆ ಕಟ್ಟುವುದು ಸುಲಭ, ಇಟ್ಟುಕೊಳ್ಳುವುದು ಸಾಕಿದ ಪ್ರಾಣಿಯ ಹಾಗೆ. ಮಳೆಗೆ ಮುಂಚೆ ಎಣ್ಣೆ, ಮಳೆ ಬಿಟ್ಟ ಮೇಲೆ ಬಿಸಿಲು, ಅಡಿಮರಕ್ಕೆ ಸೊಪ್ಪು ಕಸ ತಾಗದಂತೆ ಕಾವಲು. ನಾವೆಲ್ಲ ಮರೆಯುತ್ತಿದ್ದೆವು. ಮರೆಯದವರು ಒಬ್ಬರೇ, ದೊಡ್ಡಪ್ಪ. ಯಾವ ಹಲಗೆ ಯಾವಾಗ ಹೋಗುತ್ತದೆ ಎಂದು ಕಾಯುವುದು ಅವರ ನಿತ್ಯವ್ರತವಾಯಿತು. ಸಂಜೆ ಸಂಜೆ ಕತ್ತಿಯ ಹಿಡಿಯಿಂದ ಪ್ರತಿ ಹಲಗೆಯನ್ನೂ ತಟ್ಟಿ, ಕಿವಿಗೊಟ್ಟು ಕೇಳಿ, ಸದ್ದು ಟೊಳ್ಳು ಬಂದರೆ ಹಬ್ಬ ಬಂದವರ ಹಾಗೆ ಕೂಗುತ್ತಿದ್ದರು: "ಹೋತು! ಬಡಗು ಬದಿದು ಕೆಳಗಿಂದು ಹೋತು!" ಮಾರನೆಯ ದಿನವೇ ನಾನೋ ಅಪ್ಪನೋ ಆ ಒಂದು ಹಲಗೆಯನ್ನು ಬದಲಿಸುತ್ತಿದ್ದೆವು. ಒರಲೆಯ ಮೊದಲ ಗೆರೆ ಕಂಡುಹಿಡಿದದ್ದೂ ಅವರೇ. ಇಷ್ಟು ಶ್ರದ್ಧೆಯಿಂದ ನೋಡಿಕೊಳ್ಳುವವರನ್ನು ಸಂಬಳ ಕೊಟ್ಟು ಇಟ್ಟುಕೊಂಡರೂ ಸಿಗುವುದಿಲ್ಲ. ಒಮ್ಮೆ ಅವರಿಗೆ ಹೊಸ ಅಂಶ ಹೊಳೆಯಿತು. "ಹಲ್ಗೆ ಎಲ್ಲ ಒಂದೊಂದೇ ಬದ್ಲಾತು. ಹಳೇದು ಬಿದ್ದ ಲೆಕ್ಕವೇ ಇದು."

"ನಿಮ್ಮ ಹಲ್ಲು ಒಂದೊಂದೇ ಬಿ‌ದ್ದು ಸೆಟ್ಟು ಬಂತಲ್ಲ ದೊಡ್ಡಪ್ಪ," ಎಂದೆ. "ಹಂಗಾರೆ ನೀವು ಹೋಗಿ ಬೇರೆ ದೊಡ್ಡಪ್ಪ ಬಂದ್ರಾ?"

ಅವರು ಸೆಟ್ಟನ್ನು ನಾಲಗೆಯಿಂದ ಸರಿಮಾಡಿಕೊಂಡು "ಕೋರ್ಟಲ್ಲಿ ಇದೇ ಹೇಳಿ ಅನ್ನ ತಿಂತೆಯಾ?" ಎಂದು ಕೇಳಿದರು. ಹೌದು ಎಂದೆ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ದೊಡ್ಡಪ್ಪ ನನ್ನನ್ನು ಜಗಲಿಗೆ ಕರೆದು ಕೂರಿಸಿದರು. ಅವರು ಈಗ ಸಮುದ್ರಕ್ಕೆ ಹೋಗುವುದಿಲ್ಲ. ಬಗ್ಗಿ ಕೆಳಗಿನ ಹಲಗೆ ತಟ್ಟಲು ಸೊಂಟ ಬಿಡುವುದಿಲ್ಲ. "ಅದಕ್ಕೆ ಕಲ್ಲು ತರ್ಸೂದು ಅಂತ ಮಾಡಿದ್ದೆ," ಎಂದರು, ನನ್ನ ಮುಖ ನೋಡದೆ. "ಚಿರೆಕಲ್ಲಿಂದೇ ಕಟ್ಟೂದು. ಊರವ್ರು ಎಂತ ಬೇಕಾರೂ ಅನ್ಲಿ. ನೀನೇ ಹೇಳು ಅವ್ಳಿಗೆ. ನಾನು ಹೇಳಿದ್ರೆ ಬೈತಾಳೆ."

ಇಷ್ಟು ವರ್ಷದ ವಾದ ಗೆದ್ದಿದ್ದೆ! ಎದುರಾಳಿಯೇ ಬಂದು ಫಲಕವನ್ನು ಕೈಗಿಟ್ಟಿದ್ದರು. ಹಿತ್ತಲಿಗೆ ಓಡಿ ಬಾಗಿಲು ಬಡಿದೆ. ಒಳಗಿನಿಂದ "ಯಾರದು?" ಎಂದು ಕೇಳಿ, ಸಾಕಷ್ಟು ಹೊತ್ತು ಕಾಯಿಸಿ, ಅತ್ತೆ ಒಂದು ಮುಖದಷ್ಟು ಬಾಗಿಲು ತೆಗೆದಳು. ನಾನು ಸುದ್ದಿ ಹೇಳಿದೆ. ಅವಳು ಕವಳ ಅಗಿಯುತ್ತ ಕೇಳಿದಳು.

"ಬೇಡ," ಎಂದಳು.

"ಎಂತಕೆ ಅತ್ತೆ? ಎಣ್ಣೆ ಬೇಡ, ಒರಲೆ ಇಲ್ಲ, ಗಟ್ಟಿ ಇರ್ತದೆ..."

"ಕಲ್ಲಿಂದು ಕಟ್ಟಿದ್ರೆ ಅದು ಮನೆ ಲೆಕ್ಕಕ್ಕೆ ಬರ್ತದೆ. ಮನೆ ಅಂದ ಮೇಲೆ ಅಣ್ಣನ್ದೂ ಹೌದು, ನಿನ್ನ ಅಪ್ಪನ್ದೂ ಹೌದು. ಮುಂದೆ ಪಾಲಾಗುವಾಗ ಇದು ಯಾರ ಬದಿಗೆ ಅಂತ ನೀವೆಲ್ಲ ಕೂತು ಮಾತಾಡ್ತ್ರಿ. ಈ ಮರದ್ದು ಯಾವ ಲೆಕ್ಕದಲ್ಲೂ ಇಲ್ಲ. ಯಾರ ಪಾಲಿಗೂ ಬರೂದಿಲ್ಲ. ಅದ್ಕೇ ಇದು ನಂದು."

ನಾನು ಬಾಯಿ ತೆರೆದೆ. ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ, ಒಂದಲ್ಲ ನಾಲ್ಕಿವೆ. ಕುಮಟೆಯಲ್ಲಿ ನಾನು ದಿನಾ ಕಟ್ಟುವ ಕಡತಗಳ ತುಂಬ ಅವೇ ಇವೆ. ಆ ಕಡತಗಳಲ್ಲಿರುವ ಪ್ರತಿ ಕಲ್ಲಿನ ಗೋಡೆಗೂ ಇಬ್ಬರು ಮೂವರು ಒಡೆಯರು, ಅವರ ನಡುವೆ ಮಾತಿಲ್ಲ, ಕೋಣೆಗೆ ಬೀಗ. ಬಾಯಿ ಮುಚ್ಚಿದೆ.

"ಮತ್ತೆ ಎಂತ?" ಎಂದಳು ಅತ್ತೆ, ಬಾಗಿಲ ಮೇಲೆ ಕೈ ಇಟ್ಟುಕೊಂಡು.

ಅವಳ ಹೆಗಲ ಮೇಲಿಂದ ಒಳಗೆ ಸ್ವಲ್ಪ ಕಾಣುತ್ತಿತ್ತು. ಚಾಪೆ, ಗೋಡೆಗೆ ಒರಗಿಸಿದ ದಿಂಬು, ಬಾಗಿದ ಹಲಗೆಯ ಮೇಲೆ ಬಿಸಿಲಿನ ಒಂದು ಪಟ್ಟಿ. ಬೇರೆ ಏನೂ ಇಲ್ಲ. ಒಳಗೆ ಎಂತ ಮಾಡ್ತೆ ಅತ್ತೆ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದು ನಿಂತಿತ್ತು. ಜೀವನದಲ್ಲಿ ಮೊದಲ ಬಾರಿಗೆ, ಉತ್ತರ ನನಗೆ ಸಲ್ಲಬೇಕಾದದ್ದಲ್ಲ ಎಂದು ಅನ್ನಿಸಿತು.

"ಎಂತ ಇಲ್ಲ," ಎಂದೆ.

"ಹಂಗಾರೆ ಹೋಗು. ನಂಗೆ ಕೆಲ್ಸ ಅದೆ," ಎಂದು ಅವಳು ಬಾಗಿಲು ಹಾಕಿಕೊಂಡಳು.

ಜಗಲಿಯಲ್ಲಿ ದೊಡ್ಡಪ್ಪ ಕಾಯುತ್ತಿದ್ದರು. "ಎಂತ ಅಂದ್ಳು?"

"ಬೇಡ್ವಂತೆ."

ದೊಡ್ಡಪ್ಪ ಹಿತ್ತಲ ಕಡೆ ನೋಡಿದರು. ಆಮೇಲೆ, ನನ್ನ ಮೂವತ್ತಕ್ಕೆ ಬಂದ ವಯಸ್ಸಿನಲ್ಲಿ ಒಮ್ಮೆಯೂ ಕೇಳದ ಮಾತನ್ನು ಕೇಳಿದರು: "ನೀನು ಎಂತ ಉತ್ತರ ಕೊಟ್ಟೆ?"

"ಕೊಡ್ಲಿಲ್ಲ," ಎಂದೆ.

ಅವರು ಪಕ್ಕಕ್ಕೆ ಸರಿದು ಕಂಬಕ್ಕೆ ಒರಗಲು ನನಗೂ ಜಾಗ ಮಾಡಿಕೊಟ್ಟರು. ಇಬ್ಬರೂ ಸುಮ್ಮನೆ ಕೂತೆವು. ಒಳಗಿನಿಂದ ಅಮ್ಮ ಬಂದು ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿ, ಗಾಬರಿಯಾಗಿ ಇಬ್ಬರ ಹಣೆಯನ್ನೂ ಮುಟ್ಟಿ ನೋಡಿದಳು.